ನೆಲ ಮುಟ್ಟದ ಕಾಲು

“ಇದನ್ನ ಯಾರೂ ಹಾಕ್ಕೊಂಡೇ ಇಲ್ಲ,” ಎಂದರು ಕಾಲು ಮೇಷ್ಟ್ರು.

ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಇನ್ಸ್‌ಪೆಕ್ಟರ್‌ಗೆ ಒಂದು ಕ್ಷಣ ಅನುಮಾನವಾಯಿತು. “ಏನಂದ್ರಿ?”

“ಈ ಕಾಲು ಒಂದು ದಿನಾನೂ ನೆಲ ಮುಟ್ಟಿಲ್ಲ ಅಂದೆ. ತಗೊಳ್ಳಿ, ಚೀಲಕ್ಕೆ ಹಾಕ್ಕೊಳ್ಳಿ. ನನಗೆ ಕೆಲಸ ಇದೆ.”

ಇಬ್ಬರ ನಡುವೆ ಮೇಜಿನ ಮೇಲೆ ಬಿದ್ದಿದ್ದದ್ದು ಮಂಡಿಯ ಕೆಳಗಿನ ಒಂದು ಕೃತಕ ಎಡಗಾಲು. ರಬ್ಬರಿನ ಪಾದ, ಪಾದದ ಮೇಲೊಂದು ಉಕ್ಕಿನ ಕೊಳವೆ, ಕೊಳವೆಯ ತುದಿಗೆ ಮೋಟುಗಾಲು ಕೂರುವ ಪ್ಲಾಸ್ಟಿಕ್ಕಿನ ಬಟ್ಟಲು. ಬಟ್ಟಲಿನ ಒಂದು ಅಂಚು ಬೆಂಕಿಗೆ ಕರಗಿ ಮುದುಡಿಕೊಂಡಿತ್ತು. ನಾಲ್ಕು ತಿಂಗಳ ಹಿಂದೆ ಗಡಿಯಾಚೆಯ ಸುಟ್ಟ ಮನೆಯೊಂದರಲ್ಲಿ ಸಿಕ್ಕ ಹೆಣ ಬಂಡುಕೋರರ ‘ಗುಡ್ಡದ ಪಡೆ’ಯ ಕಮಾಂಡರ್‌ನದೇ ಎಂದು ಎರಡು ಸರ್ಕಾರಗಳೂ ಒಂದು ಅಂತರರಾಷ್ಟ್ರೀಯ ಸಮಿತಿಯೂ ಒಪ್ಪಿಕೊಂಡದ್ದು ಈ ಕಾಲನ್ನು ನೋಡಿ. ಮುಖ ಗುರುತು ಸಿಗುವಂತಿರಲಿಲ್ಲ.

ಇದನ್ನು ದಾಸ್ತಾನು ಕೋಣೆಯಿಂದ ಹೊರಗೆ ತರಲು ನಿರ್ಬಂಧ ವಿಭಾಗದ ಈ ಇನ್ಸ್‌ಪೆಕ್ಟರ್ ನಾಲ್ಕು ನಮೂನೆ ತುಂಬಿದ್ದಳು. ಕಚೇರಿಯ ಕಾರು ಕೇಳಿದರೆ ಅದು ನಿರ್ದೇಶಕರ ಅತಿಥಿಗಳನ್ನು ಕರೆತರಲು ಹೋಗಿತ್ತು. ಕೊನೆಗೆ ಮಗಳ ಬ್ಯಾಡ್ಮಿಂಟನ್ ಚೀಲದಲ್ಲಿ ಕಮಾಂಡರ್‌ನ ಕಾಲು ತುಂಬಿಕೊಂಡು ಟ್ಯಾಕ್ಸಿ ಹತ್ತಿದ್ದಳು. “ಎಲ್ಲಿ ಟೂರ್ನಮೆಂಟು ಮೇಡಂ?” ಎಂದು ಚಾಲಕ ದಾರಿಯುದ್ದಕ್ಕೂ ತಲೆ ತಿಂದಿದ್ದ.

ಸತ್ತವನು ಕಮಾಂಡರೇ ಎಂದು ಅವಳಿಗೆ ನಂಬಿಕೆಯಿರಲಿಲ್ಲ; ಕಾಲು ಮಾಡಿದವರನ್ನು ಹುಡುಕುತ್ತ ಮೂರು ವಾರದಲ್ಲಿ ಇದು ಹನ್ನೆರಡನೆಯ ಕೃತಕ ಕಾಲಿನ ಕಾರ್ಖಾನೆ. ಹನ್ನೊಂದು ಕಡೆ ಚಹಾ ಕೊಟ್ಟು, ತಲೆ ಅಲ್ಲಾಡಿಸಿ ಕಳಿಸಿದ್ದರು. ಇಲ್ಲಿ ಚಹಾವೂ ಇಲ್ಲ.

ಇವತ್ತು ಬುಧವಾರ. ಶುಕ್ರವಾರ ಸಂಜೆಯೊಳಗೆ ಯಾವ ದೇಶವೂ ಆಕ್ಷೇಪ ಎತ್ತದಿದ್ದರೆ ಕಮಾಂಡರ್‌ನ ಹೆಸರು, ಯಾರೂ ಹಣ ಸಾಮಾನು ಕೊಡಬಾರದವರ ನಿರ್ಬಂಧ ಪಟ್ಟಿಯಿಂದ ತಾನಾಗಿಯೇ ಅಳಿಸಿಹೋಗುತ್ತದೆ. ಹೆಸರು ಹೋದರೆ ಅದರ ಹಿಂದೆಯೇ, ಎರಡು ವರ್ಷದಿಂದ ಬಂದರಿನಲ್ಲಿ ತಡೆದಿಟ್ಟಿದ್ದ ಅವನ ಹಡಗಿಗೂ ಬಿಡುಗಡೆ. ಮೂರು ವರ್ಷದ ಹಿಂದೆ ಸಂತೆಬೀದಿಯಲ್ಲಿ ಇಪ್ಪತ್ಮೂರು ಜನರನ್ನು ಕೊಂದ ಸ್ಫೋಟಕ ಬಂದದ್ದು ಅದೇ ಹಡಗಿನಲ್ಲಿ.

“ಸತ್ತವನ ಹಿಂದೆ ಯಾಕಮ್ಮಾ ಓಡ್ತೀಯ?” ಎಂದಿದ್ದರು ನಿರ್ದೇಶಕರು ಬೆಳಿಗ್ಗೆ. “ಬದುಕಿರೋರ ಕಡತಗಳೇ ರಾಶಿ ಬಿದ್ದಿವೆ. ‘ಆಕ್ಷೇಪವಿಲ್ಲ’ ಅಂತ ಒಂದು ಸಾಲು ಬರೆದು ಕೈ ತೊಳ್ಕೋ.”

ಬದುಕಿರುವವರ ಕಡತಗಳ ಪಾಡು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಪಟ್ಟಿಯಲ್ಲಿ ಕಮಾಂಡರ್‌ನ ಹೆಸರಿಗೆ ಹನ್ನೊಂದು ಕಾಗುಣಿತ, ಐದು ಹುಟ್ಟಿದ ತಾರೀಖು. ಅದೇ ಹೆಸರಿಟ್ಟುಕೊಂಡ ಪಾಪದ ದರ್ಜಿಯೊಬ್ಬ ವಿಮಾನ ಹತ್ತಲಾಗದೆ, ಪ್ರತಿ ಸೋಮವಾರ ಬಂದು ಅವಳ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಇಡೀ ದಾಖಲೆಯಲ್ಲಿ ನಂಬಬಹುದಾದ ಗುರುತು ಒಂದೇ: ಎಡಗಾಲಿಲ್ಲ, ಕೃತಕ ಕಾಲಿನ ಒಳಗೆ ‘೩೧೮’ ಎಂಬ ಸಂಖ್ಯೆ.

ಅವಳು ಚೀಲ ತೆಗೆದುಕೊಳ್ಳಲಿಲ್ಲ. ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

“ಹಾಕ್ಕೊಂಡಿಲ್ಲ ಅಂತ ಹೇಗೆ ಹೇಳ್ತೀರ ಮೇಷ್ಟ್ರೇ? ಆರು ವರ್ಷ ಹಾಕ್ಕೊಂಡು ಗುಡ್ಡ ಹತ್ತಿ ಇಳಿದಿದ್ದಾನೆ ಅಂತ ನಮ್ಮ ದಾಖಲೆ.”

ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಐವತ್ತು ದಾಟಿದ ಆಳು, ಕೃತಕ ಕಾಲು ಮಾಡುವ ಕಸುಬಿನಿಂದ ಊರಿಗೆಲ್ಲ ‘ಕಾಲು ಮೇಷ್ಟ್ರು’, ಬೆರಳ ಸಂದುಗಳಲ್ಲೆಲ್ಲ ಬಿಳೀ ಪ್ಲಾಸ್ಟರ್. ಆಸಕ್ತಿಯಿಲ್ಲದವರಂತೆ ನಟಿಸಲು ನೋಡಿದರೂ ಕೈಗಳು ಮಾತು ಕೇಳಲಿಲ್ಲ. ಕಾಲನ್ನು ಎತ್ತಿ, ಮಗುವಿನ ಪಾದ ಹಿಡಿದಂತೆ ಹಿಮ್ಮಡಿ ಹಿಡಿದುಕೊಂಡವು.

“ಹಿಮ್ಮಡಿ ಅಮುಕಿ ನೋಡಿ. ಬೂಟಿನೊಳಗಿದ್ರೂ ರಬ್ಬರು ಮನುಷ್ಯನ ಭಾರಕ್ಕೆ ಕುಗ್ಗುತ್ತೆ, ಆರು ತಿಂಗಳಲ್ಲಿ ಬೆರಳ ಬುಡದಲ್ಲಿ ಬಿರುಕು ಬಿಡುತ್ತೆ. ಇದು ಅಂಗಡಿಯಿಂದ ಬಂದ ಹಾಗೇ ಇದೆ. ಇದು ಒಳಗಿನ ಮೆತ್ತೆ, ಚರ್ಮದ್ದು. ಬೆವರು ಕುಡಿದ ಚರ್ಮ ಕಪ್ಪಾಗುತ್ತೆ, ಗಟ್ಟಿಯಾಗುತ್ತೆ, ನಾತ ಹೊಡೆಯುತ್ತೆ. ಮೂಸಿ ನೋಡಿ.”

“ಬೇಡ, ನಂಬ್ತೀನಿ.”

“ಹೊಗೆ ವಾಸನೆ ಇದೆ. ಬೆವರು ಇಲ್ಲ. ಆಮೇಲೆ ಈ ಬೋಲ್ಟು.” ಪಾದ ಮತ್ತು ಕೊಳವೆ ಕೂಡುವ ಕಡೆ ಉಗುರಿನಿಂದ ತಟ್ಟಿದರು. “ಹೊಸ ಕಾಲು ಕಟ್ಟಿದಾಗ ಯಾರೂ ನೆಟ್ಟಗೆ ನಡೆಯಲ್ಲ. ನಡೆಸಿ, ನೋಡಿ, ಇದನ್ನ ಅರ್ಧ ಸುತ್ತು ಹೀಗೆ, ಕಾಲು ಸುತ್ತು ಹಾಗೆ ತಿರುಗಿಸ್ತಾ ಬರಬೇಕು. ನಾನು ಹತ್ತು ಸಲ ತಿರುಗಿಸದೆ ಒಬ್ಬರನ್ನೂ ಹೊರಗೆ ಕಳಿಸಲ್ಲ. ಇದರ ಮೇಲೆ ಸ್ಪ್ಯಾನರಿನ ಗೀರೇ ಇಲ್ಲ.”

ಇನ್ಸ್‌ಪೆಕ್ಟರ್ ಕಣ್ಣು ಸಣ್ಣದು ಮಾಡಿ ಕೇಳಿದಳು, “ನೀವು ಕಳಿಸಲ್ಲ? ಇದೊಂದನ್ನ ಬಿಟ್ಟು?”

ಮೇಷ್ಟ್ರು ತುಟಿ ಕಚ್ಚಿಕೊಂಡರು.

“ಹಾಗಾದ್ರೆ ಈ ಕಾಲು ನಿಮ್ದೇ.”

“ನಾನು ಹಾಗೆ ಹೇಳ್ಲಿಲ್ಲ. ಸಾಮಾನ್ಯವಾಗಿ ಹೇಳ್ದೆ. ಎಲ್ಲರೂ ಇದೇ ಪಾದ ತರ್ಸೋದು, ಇದೇ ಕೊಳವೆ ಹಾಕೋದು.”

ಅವಳು ಚರ್ಮದ ಮೆತ್ತೆಯನ್ನು ಎರಡು ಬೆರಳಲ್ಲಿ ಮೇಲಕ್ಕೆತ್ತಿದಳು. ಅದರಡಿಯಲ್ಲಿ ನೇರಳೆ ಬಣ್ಣದ ಪೆನ್ಸಿಲಿನಲ್ಲಿ ಬರೆದ ಸಂಖ್ಯೆ, ಮೂರು ಒಂದು ಎಂಟು. ಆಮೇಲೆ ಮೇಷ್ಟ್ರ ಜೇಬಿನತ್ತ ನೋಡಿದಳು. ಜೇಬಿನಿಂದ ನೇರಳೆ ಪೆನ್ಸಿಲೊಂದು ಇಣುಕುತ್ತಿತ್ತು.

“ಪೆನ್ಸಿಲು ಊರಲ್ಲಿ ಯಾರ ಹತ್ರ ಬೇಕಾದ್ರೂ ಇರುತ್ತೆ,” ಎಂದರು ಮೇಷ್ಟ್ರು.

“ನಿಮ್ಮ ರಿಜಿಸ್ಟರ್ ಕೊಡಿ.”

“ಗೆದ್ದಲು ತಿಂದಿದೆ.”

“ಯಾವ ವರ್ಷದ್ದು?”

“ನಿಮಗೆ ಬೇಕಾದ ವರ್ಷದ್ದು.”

ಅವಳಿಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ತಮ್ಮ.

“ಅಕ್ಕಾ, ಅಪ್ಪ ಕಿವಿ ಮಶೀನು ಮತ್ತೆ ಬಿಚ್ಚಿ ಎಲ್ಲೋ ಇಟ್ಟಿದ್ದಾರೆ. ಕೇಳಿದ್ರೆ ಕೇಳಿಸಲ್ಲ ಅಂತಾರೆ.”

“ಮಶೀನಿಲ್ದೆ ಹೇಗೋ ಕೇಳಿಸುತ್ತೆ ಅವ್ರಿಗೆ? ಬರೆದು ಕೇಳು!”

“ಬರೆದ್ರೆ ಕನ್ನಡಕ ಎಲ್ಲಿ ಅಂತಾರೆ.”

“ನೀನು ಅಲ್ಲೇ ಇರು. ನಾನು…” ಎಷ್ಟು ಹೊತ್ತಿಗೆ ಬರುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಫೋನಿಟ್ಟಳು. ಮೇಷ್ಟ್ರ ತುಟಿಯಂಚಿನಲ್ಲಿ ಸಣ್ಣ ನಗುವಿದ್ದುದನ್ನು ಕಂಡು ಇನ್ನಷ್ಟು ಉರಿಯಿತು.

“ನಗಬೇಡಿ ಮೇಷ್ಟ್ರೇ. ಪಟ್ಟಿಯಲ್ಲಿರೋ ಮನುಷ್ಯನಿಗೆ ಯಾವ ಸಾಮಾನು ಕೊಟ್ರೂ ಅಪರಾಧ. ಅಕ್ಕಿಯಾಗ್ಲಿ, ಕಾಲಾಗ್ಲಿ. ನಿಮ್ಮ ಬಾಗಿಲಿಗೆ ಬೀಗ ಹಾಕಿಸೋಕೆ ನನಗೆ ಒಂದು ಸಹಿ ಸಾಕು.”

ನಗು ಮಾಯವಾಯಿತು. ಮೇಷ್ಟ್ರು ಕಾಲನ್ನು ಮೇಜಿನ ಮೇಲೆ ಕುಕ್ಕಿದರು.

“ಹಾಕ್ಸಿ! ಹಾಕ್ಸಿ ಮೇಡಂ, ಪುಣ್ಯ ಬರುತ್ತೆ. ಈಗೇನು ತೆರೆದಿದ್ಯಾ ಇದು? ಎಂಟು ತಿಂಗಳಿಂದ ನನ್ನ ಆರು ಡ್ರಮ್ ರಾಳ ಬಂದರಿನಲ್ಲಿ ಕೂತಿದೆ. ಆ ರಾಳ ಇಲ್ದೆ ತೊಡೆಯವರೆಗಿನ ಬಟ್ಟಲು ಎರೆಯೋಕಾಗಲ್ಲ. ಯಾಕೆ ಬಿಡಲ್ಲ ಅಂದ್ರೆ, ಅದ್ರಿಂದ ಬಾಂಬಿನ ಕವಚಾನೂ ಮಾಡಬಹುದಂತೆ, ನಿರ್ಬಂಧದ ಸಾಮಾನಂತೆ. ಏಳು ಅರ್ಜಿ ಹಾಕಿದೀನಿ ನಿಮ್ಮ ವಿಭಾಗಕ್ಕೆ. ಏಳು! ಒಂದಕ್ಕೂ ಉತ್ತರ ಇಲ್ಲ. ಮೂವತ್ತಾರು ಜನ ಕಾಯ್ತಿದ್ದಾರೆ, ಅದ್ರಲ್ಲಿ ಹದಿನಾಲ್ಕು ಜನ ಸಂತೆಬೀದಿಯವ್ರೇ. ನಿಮ್ಮ ನಿರ್ಬಂಧ ಬಂತು ಅಂತ ಗುಡ್ಡದ ಪಡೆ ನಿಂತಿದ್ಯಾ? ಅವ್ರು ಓಡಾಡ್ಕೊಂಡೇ ಇದ್ದಾರೆ. ನಿಲ್ಲೋಕಾಗದೆ ಇರೋರು ನನ್ನ ಜನ!”

ಏಳು ಅರ್ಜಿಗಳೂ ಎಲ್ಲಿರಬಹುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಿಟಕಿಯ ಪಕ್ಕದ ಹಸಿರು ಕಪಾಟಿನಲ್ಲಿ, ‘ಅಭಿಪ್ರಾಯಕ್ಕಾಗಿ’ ಎಂದು ಬರೆದ ಅರೆಯಲ್ಲಿ. ಯಾರ ಅಭಿಪ್ರಾಯ ಎಂದು ಅಲ್ಲಿ ಬರೆದಿರಲಿಲ್ಲ.

“ಅರಚಬೇಡ್ವೋ. ಬೀದಿಗೆಲ್ಲ ಕೇಳಿಸ್ತಿದೆ.”

ಮಾತು ಬಂದದ್ದು ಒಳಕೋಣೆಯ ಬಾಗಿಲಿನಿಂದ. ಅಲ್ಲಿ ಮೇಷ್ಟ್ರ ಅಕ್ಕ ನಿಂತಿದ್ದರು. ಅರವತ್ತರ ಆಸುಪಾಸು, ಒಣಕಲು ಮೈ, ಕಂಕುಳಲ್ಲಿ ಉದ್ದನೆಯ ರಿಜಿಸ್ಟರ್ ಪುಸ್ತಕ. ಅವರು ಮೇಜಿನವರೆಗೆ ನಡೆದು ಬಂದ ರೀತಿಯಲ್ಲಿ ಇನ್ಸ್‌ಪೆಕ್ಟರ್‌ಗೆ ವಿಶೇಷವೇನೂ ಕಾಣಲಿಲ್ಲ. ಕುರ್ಚಿಯಲ್ಲಿ ಕೂತು, ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟು ಪಕ್ಕಕ್ಕೆ ಸರಿಸಿಕೊಂಡಾಗಲೇ ಗೊತ್ತಾದದ್ದು.

“ಸಂತೆಬೀದಿ,” ಎಂದರು ಅಕ್ಕ, ಅವಳ ನೋಟಕ್ಕೆ ಉತ್ತರವಾಗಿ. “ಗುಂಡಿ ಕೊಳ್ಳೋಕೆ ಹೋಗಿದ್ದೆ. ಕೋಟಿಗೆ ಹೊಲಿಯೋಕೆ ನಾಲ್ಕು ಗುಂಡಿ. ನನ್ನ ನಂಬರು ಏಳುನೂರ ಎರಡು.” ರಿಜಿಸ್ಟರನ್ನು ಮೇಜಿನ ಮೇಲಿಟ್ಟರು. “ಗೆದ್ದಲು ಏನೂ ತಿಂದಿಲ್ಲ. ನಮ್ಮಲ್ಲಿ ಗೆದ್ದಲೇ ಇಲ್ಲ.”

“ಅಕ್ಕಾ, ನೀನು ಒಳಗೆ ಹೋಗು.”

“ಹೋಗಲ್ಲ ಕಣೋ. ಮೂರು ವರ್ಷದಿಂದ ಆ ಅಚ್ಚಿನ ಮುಂದೆ ಕಸ ಗುಡಿಸ್ತಿದೀನಿ. ಸಾಕಾಗಿದೆ.”

ಒಳಗಿನ ಗೋಡೆಯುದ್ದಕ್ಕೂ ಕಬ್ಬಿಣದ ಅರೆಗಳಿದ್ದವು. ಅವುಗಳ ಮೇಲೆ ನೂರಾರು ಬಿಳೀ ಮೋಟುಗಾಲುಗಳು, ಪ್ಲಾಸ್ಟರಿನಲ್ಲಿ ಎರೆದ ಅಚ್ಚುಗಳು, ಸಾಲಾಗಿ ಕೂತಿದ್ದವು. ಪ್ರತಿಯೊಂದರ ಮೇಲೂ ನೇರಳೆ ಸಂಖ್ಯೆ. ಅಕ್ಕ ಬೆರಳು ತೋರಿಸಿದ ಕಡೆಯಿಂದ ಇನ್ಸ್‌ಪೆಕ್ಟರೇ ೩೧೮ನ್ನು ಎತ್ತಿ ತಂದಳು. ನಾಲ್ಕು ತಿಂಗಳ ಮಗುವಿನಷ್ಟು ಭಾರವಿತ್ತು. ಕೆಳಗೆ ಒಂದೆಡೆ ಆಳವಾದ ಗಾಯದ ಕಲೆ, ಮಡಿಕೆಯಂತೆ ಒಳಸೇರಿತ್ತು.

“ಆರು ವರ್ಷದ ಹಿಂದೆ ಬಂದ,” ಎಂದರು ಅಕ್ಕ. “ಮರದ ಕಂಟ್ರಾಕ್ಟರು, ಕಾಡಲ್ಲಿ ನೆಲಬಾಂಬು ತುಳಿದೆ ಅಂದ. ಇವನು ಕಾಲು ಮಾಡ್ಕೊಟ್ಟ. ಕಾಲಿಲ್ದೆ ಬಂದವ್ರಿಗೆ ಕಾಲು ಮಾಡ್ಕೊಡೋದು ಇವನ ಕೆಲಸ, ಅದು ತಪ್ಪಲ್ಲ. ಮೂರು ವರ್ಷ ಆದ್ಮೇಲೆ, ಸಂತೆಬೀದಿ ಸ್ಫೋಟ ಮಾಡಿಸಿದವನು ಅಂತ ಪೇಪರಲ್ಲಿ ಅವನ ಫೋಟೋ ಬಂತು. ಆಗ ನಾನು ಇಲ್ಲೇ, ಆ ಜೋಡಿ ಕಂಬಿ ಹಿಡ್ಕೊಂಡು ನಡೆಯೋದು ಕಲೀತಿದ್ದೆ. ಇಬ್ರೂ ನೋಡಿದ್ವಿ. ಇವನು ಪೇಪರು ಮಡಿಚಿ ಒಲೆಗೆ ಹಾಕ್ದ. ಅವತ್ತಿಂದ ಇವತ್ತಿನವರೆಗೆ ಆ ವಿಷ್ಯ ನಾವು ಎತ್ತಿಲ್ಲ.”

ಮೇಷ್ಟ್ರು ಗೋಡೆ ನೋಡುತ್ತಿದ್ದರು.

“ಬಟ್ಟಲನ್ನ ಅಚ್ಚಿಗೆ ಹಾಕಿ ನೋಡಿ ಮೇಡಂ,” ಎಂದರು ಅಕ್ಕ.

ಅವಳು ಹಾಕಿದಳು. ಸುಟ್ಟ ಅಂಚನ್ನು ಬಿಟ್ಟರೆ, ಬಟ್ಟಲು ಅಚ್ಚಿನ ಮೇಲೆ ಬಾಟಲಿಗೆ ಮುಚ್ಚಳ ಕೂತಂತೆ ಕೂತಿತು. ಎಳ್ಳಷ್ಟೂ ಸಂದಿಲ್ಲ.

ಅವಳ ಮುಖ ಬಾಡಿತು. “ಹಾಗಾದ್ರೆ ಇದು ಅವನದೇ ಕಾಲು. ನನ್ನ ಮೂರು ವಾರ ನೀರಲ್ಲಿ ಹೋಮ.”

ಮೇಷ್ಟ್ರು ಥಟ್ಟನೆ ಇತ್ತ ತಿರುಗಿದರು. ತಮ್ಮ ಕಸುಬಿನ ಬಗ್ಗೆ ಯಾರಾದರೂ ತಪ್ಪು ಮಾತಾಡಿದರೆ ಸುಮ್ಮನಿರುವುದು ಅವರಿಂದಾಗದು ಎಂದು ತೋರಿತು.

“ಅಲ್ಲ! ಅಷ್ಟು ಸರಿಯಾಗಿ ಕೂತಿದೆ ಅನ್ನೋದೇ ತಪ್ಪು. ಮೋಟುಗಾಲು ಕಲ್ಲಲ್ಲ ಮೇಡಂ, ಮಾಂಸ. ವರ್ಷ ಕಳೆದ ಹಾಗೆ ಸೊರಗುತ್ತೆ. ಆರು ವರ್ಷದ ಹಿಂದಿನ ಅಚ್ಚಿಗೆ ಎರೆದ ಬಟ್ಟಲನ್ನ ಅವನು ಈಗ ಹಾಕ್ಕೊಂಡ್ರೆ ಬಕೆಟ್‌ನಲ್ಲಿ ಕೋಲು ಇಟ್ಟ ಹಾಗೆ ಅಲ್ಲಾಡುತ್ತೆ. ಎರಡು ಹೆಜ್ಜೆ ನಡೆಯೋಕಾಗಲ್ಲ. ನಾನು ಅವತ್ತೇ ಹೇಳ್ದೆ, ಆಳನ್ನ ಕರ್ಕೊಂಡು ಬನ್ನಿ, ಹೊಸ ಅಳತೆ ತಗೋತೀನಿ, ಇಲ್ದಿದ್ರೆ ದಂಡ ಅಂತ. ಪರವಾಗಿಲ್ಲ, ಹಳೇ ಅಚ್ಚಿಗೇ ಮಾಡಿ, ನಂಬರು ಮಾತ್ರ ಹಾಗೇ ಬರೀರಿ ಅಂದ.”

“ಯಾವತ್ತು?”

ಮೇಷ್ಟ್ರಿಗೆ ತಾನೆಷ್ಟು ದೂರ ಬಂದುಬಿಟ್ಟೆನೆಂಬುದು ಆಗ ಅರಿವಾಯಿತು. ಕೈ ಚೆಲ್ಲಿ ಸ್ಟೂಲಿನ ಮೇಲೆ ಕೂತರು.

“ಐದು ತಿಂಗಳ ಹಿಂದೆ.”

ಹೆಣ ಸಿಕ್ಕಿದ್ದು ಅದಾದ ಒಂದು ತಿಂಗಳಿಗೆ. ಇನ್ಸ್‌ಪೆಕ್ಟರ್ ಬಟ್ಟಲನ್ನು ಅಚ್ಚಿನಿಂದ ಮೆಲ್ಲಗೆ ಬಿಡಿಸಿದಳು. ನಡೆಯಲಾಗದ ಕಾಲನ್ನು ಯಾರು ಮಾಡಿಸುತ್ತಾರೆ? ನಡೆಯಬೇಕಾಗಿಲ್ಲದವನಿಗೆ ಮಾಡಿಸುತ್ತಾರೆ. ಎಡಗಾಲಿಲ್ಲದ ಯಾರದೋ ಹೆಣಕ್ಕೆ ಕಟ್ಟಿ, ಬೆಂಕಿ ಇಟ್ಟು, ನಂಬರು ಮಾತ್ರ ಸುಡದಂತೆ ನೋಡಿಕೊಂಡು, ಪಟ್ಟಿಯಿಂದ ಹೆಸರು ಹೊಡೆಸಲು ಮಾಡಿಸಿದ ಕಾಲು ಇದು. ಹಾಗಾದರೆ ಆ ಹೆಣ ಯಾರದು? ಯಾವ ಮನೆಯವರು ಅವನಿಗಾಗಿ ಇನ್ನೂ ಕಾಯುತ್ತಿದ್ದಾರೋ.

“ಯಾರು ಬಂದು ಕೇಳಿದ್ದು?”

“ಒಬ್ಬ ಕನ್ನಡಕದವ. ಗಡಿಯಾಚೆ ಆಸ್ಪತ್ರೆ ನಡೆಸೋ ಸೇವಾ ಸಂಸ್ಥೆ ಅಂದ.”

“ನೀವು ಕೇಳಿದ ತಕ್ಷಣ ಮಾಡ್ಕೊಟ್ರಾ? ಆ ನಂಬರು ಯಾರದು ಅಂತ ಗೊತ್ತಿದ್ದೂ?”

“ಮಾಡಲ್ಲ ಅಂದೆ. ನಿರ್ಬಂಧ ಇದೆ, ಗಡಿ ದಾಟಿಸೋಕೆ ಸರ್ಕಾರದ ವಿನಾಯಿತಿ ಪತ್ರ ಬೇಕು, ಅದು ಸಿಕ್ಕಿದ್ರೆ ಬನ್ನಿ ಅಂದೆ. ನನ್ನ ರಾಳಕ್ಕೇ ಆಗ ಮೂರು ತಿಂಗಳಿಂದ ಸಿಕ್ಕಿರಲಿಲ್ಲ, ಇವನಿಗೆಲ್ಲಿ ಸಿಗುತ್ತೆ ಅನ್ನೋ ಧೈರ್ಯದ ಮೇಲೆ ಹೇಳಿದ್ದು.” ಮೇಷ್ಟ್ರು ಮುಖ ಉಜ್ಜಿಕೊಂಡರು. “ಮಾರನೇ ದಿನವೇ ತಂದ. ಒಂದೇ ದಿನದಲ್ಲಿ!”

“ಸುಳ್ಳು ಪತ್ರ ಇರಬೇಕು.”

“ನಾನೂ ಹಾಗೇ ಅಂದ್ಕೊಂಡು ನಿಮ್ಮ ಆಫೀಸಿಗೆ ಫೋನ್ ಮಾಡಿ ನಂಬರು ಕೇಳ್ದೆ. ಸರಿಯಾಗಿದೆ ಅಂದ್ರು.”

ಅಕ್ಕ ರಿಜಿಸ್ಟರ್‌ನ ಹಿಂದಿನ ರಟ್ಟಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಕೊಟ್ಟರು.

ಇನ್ಸ್‌ಪೆಕ್ಟರ್ ಅದನ್ನು ಬಿಡಿಸಿದಳು. ಕಾಗದ ಅಸಲಿ. ಲಾಂಛನ ಅಸಲಿ. ಕ್ರಮಸಂಖ್ಯೆ ಅಸಲಿ. ‘ವೈದ್ಯಕೀಯ ವಿನಾಯಿತಿ. ಕೃತಕ ಕಾಲು, ಎಡ, ಒಂದು.’ ಕೆಳಗೆ ದುಂಡು ಮೊಹರು. ಮೊಹರಿನ ಮೇಲೆ ಅವಳದೇ ಸಹಿ.

ಇನ್ನೊಮ್ಮೆ ನೋಡಿದಳು. ಯಾರೋ ನಕಲು ಮಾಡಿರಲಿ ಎಂದು ಮನಸ್ಸು ಅಂಗಲಾಚಿತು. ಆದರೆ ಕೊನೆಯ ಅಕ್ಷರವನ್ನು ಮುಗಿಸದೆ ಕೆಳಕ್ಕೆ ಜಾರಿಸುವ ಆ ಗೆರೆ, ಮಗಳು ಅಣಕಿಸಿ ನಗುತ್ತಿದ್ದ ಆ ಸೋಮಾರಿ ಗೆರೆ, ಇನ್ಯಾರಿಗೂ ಬರುವಂಥದ್ದಲ್ಲ.

ತಾರೀಖು ನೋಡಿದ ಕೂಡಲೇ ಆ ದಿನವೆಲ್ಲ ಕಣ್ಮುಂದೆ ಬಂತು. ನಿರ್ಬಂಧದಿಂದ ಔಷಧಿ ಸಿಗದೆ ರೋಗಿಗಳು ಸಾಯುತ್ತಿದ್ದಾರೆ ಎಂದು ಪತ್ರಿಕೆಗಳು ಕೂಗಿದ್ದವು. ಮಂತ್ರಿಗಳು ನಿರ್ದೇಶಕರನ್ನು ಬೈದಿದ್ದರು, ನಿರ್ದೇಶಕರು ಅವಳನ್ನು ಬೈದಿದ್ದರು. ಸಂಜೆಯೊಳಗೆ ವೈದ್ಯಕೀಯ ಕಡತಗಳೆಲ್ಲ ಖಾಲಿಯಾಗಬೇಕೆಂದು ಅಪ್ಪಣೆಯಾಗಿತ್ತು. ಎರಡು ಮೊಳದೆತ್ತರದ ರಾಶಿ. ಸಿಟ್ಟಿನಲ್ಲಿ, ಒಂದರ ಮೇಲೊಂದು, ಓದದೆ, ಟಪಟಪನೆ ಸಹಿ ಹಾಕಿ ಎಸೆದಿದ್ದಳು. ‘ಬೇಕಿದ್ದದ್ದು ಇದೇ ತಾನೆ, ತಗೊಳ್ಳಿ’ ಎಂದು ಮನಸ್ಸಿನಲ್ಲೇ ಎಲ್ಲರನ್ನೂ ಶಪಿಸುತ್ತ. ರಾಳದ ಅರ್ಜಿ ಆ ರಾಶಿಯಲ್ಲಿರಲಿಲ್ಲ. ಅದು ‘ರಾಸಾಯನಿಕ’ದ ಅರೆಯಲ್ಲಿತ್ತು. ಈ ಕಾಲು ಇತ್ತು.

“ಏನಾಯ್ತು ಮೇಡಂ?” ಎಂದರು ಅಕ್ಕ. “ಯಾರ ಸಹಿ ಅದು, ಗೊತ್ತಾ?”

ಇಲ್ಲ ಎನ್ನಬಹುದಿತ್ತು. ಕಾಗದವನ್ನು ಚೀಲಕ್ಕೆ ಹಾಕಿ, ಕಾಲನ್ನು ದಾಸ್ತಾನು ಕೋಣೆಗೆ ಮರಳಿಸಿ, ‘ಆಕ್ಷೇಪವಿಲ್ಲ’ ಎಂಬ ಒಂದು ಸಾಲು ಬರೆದರೆ ಮುಗಿಯಿತು. ನಿರ್ದೇಶಕರಿಗೆ ಸಂತೋಷ. ಅವಳ ಕೆಲಸಕ್ಕೂ ಧಕ್ಕೆಯಿಲ್ಲ. ಅಪ್ಪನ ಔಷಧಿ, ಮಗಳ ಶಾಲೆ, ಎಲ್ಲ ಹೇಗಿದೆಯೋ ಹಾಗೆ. ಆಕ್ಷೇಪ ಎತ್ತಿದರೆ ಮೊದಲ ಸಾಕ್ಷ್ಯ ಈ ಪತ್ರ, ಮೊದಲ ಆರೋಪಿ ಅವಳು.

ಅವಳು ಅಕ್ಕನ ಬಲಗಾಲನ್ನು ನೋಡಿದಳು. ಇಸ್ತ್ರಿ ಮಾಡಿದ ಕಾಲುಚೀಲದ ಮಡಿಕೆ ಒಂದಿಷ್ಟೂ ಸುಕ್ಕಾಗದೆ ನೆಟ್ಟಗೆ ಇಳಿದಿತ್ತು.

“ನನ್ನದು,” ಎಂದಳು.

ಕಾಗದವನ್ನು ಅಕ್ಕನ ಕಡೆ ತಿರುಗಿಸಿ ಸಹಿಯ ಮೇಲೆ ಬೆರಳಿಟ್ಟಳು.

“ನಾನೇ ಹಾಕಿದ ಸಹಿ. ಓದದೆ ಹಾಕಿದೆ. ನಿಮ್ಮ ಏಳು ಅರ್ಜಿ ಓದೋಕೆ ಪುರುಸೊತ್ತಿರಲಿಲ್ಲ ಅಂತೀನಲ್ಲ, ಇದನ್ನೂ ಓದಲಿಲ್ಲ.” ಚೀಲದಿಂದ ಹೇಳಿಕೆಯ ನಮೂನೆ ತೆಗೆದು, ಮೇಷ್ಟ್ರ ಮುಂದಿಡದೆ ತನ್ನ ಮುಂದೆಯೇ ಇಟ್ಟುಕೊಂಡಳು. ಪೆನ್ನಿನ ಮುಚ್ಚಳ ತೆಗೆದು ಮೊದಲ ಸಾಲು ಬರೆದು, ಓದಿ ಹೇಳಿದಳು. “‘ಈ ಕಾಲನ್ನು ಗಡಿ ದಾಟಿಸಲು ವಿನಾಯಿತಿ ನೀಡಿದವಳು ನಾನು.’ ಸರಿನಾ? ಈಗ ಎರಡನೇ ಸಾಲು ನಿಮ್ದು ಮೇಷ್ಟ್ರೇ. ಯಾರು ಮಾಡಿದ್ದು, ಯಾವ ಅಚ್ಚಿಗೆ, ಯಾರ ಮಾತಿಗೆ. ಇಬ್ಬರೂ ಸೇರಿ ಹೋಗೋಣ. ಜೈಲಿಗೆ ಹೋಗೋದಾದ್ರೂ ಇಬ್ಬರೇ ಹೋಗೋಣ. ಆದ್ರೆ ಶುಕ್ರವಾರ ಸಂಜೆ, ಸಂತೆಬೀದಿಗೆ ಸ್ಫೋಟಕ ತಂದ ಅವನ ಹಡಗು ಮಾತ್ರ ಬಂದರು ಬಿಟ್ಟು ಹೋಗಬಾರದು.”

ಮೇಷ್ಟ್ರು ಅವಳನ್ನು ಹೊಸಬರನ್ನು ನೋಡುವಂತೆ ನೋಡಿದರು. ಇಷ್ಟು ಹೊತ್ತು ಬಿಗಿದುಕೊಂಡಿದ್ದ ಮುಖ ಸಡಿಲವಾಗಿ, ಒಮ್ಮೆಲೆ ಮುದುಕರಾದಂತೆ ಕಂಡರು.

“ಬರೀ ಅಷ್ಟೇ ಅಲ್ಲ ಮೇಡಂ,” ಎಂದರು ಮೆಲ್ಲಗೆ. “ಇನ್ನೊಂದಿದೆ.”

ಎದ್ದು ಹೋಗಿ, ಅರೆಯ ಕೆಳಗಿನ ಸಾಲಿನಲ್ಲಿ ಗೋಣಿಚೀಲ ಮುಚ್ಚಿದ್ದ ಏನನ್ನೋ ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟರು. ಚೀಲ ಸರಿಸಿದರು.

ಅದೊಂದು ಅಚ್ಚು. ೩೧೮ಕ್ಕಿಂತ ಸಣ್ಣದು, ಸೊರಗಿದ್ದು. ಕೆಳಗೆ ಅದೇ ಕಡೆ ಅದೇ ಮಡಿಕೆಯಂಥ ಗಾಯದ ಕಲೆ. ಇನ್ಸ್‌ಪೆಕ್ಟರ್ ಬೆರಳಿಟ್ಟಳು. ತಣ್ಣಗಿತ್ತು. ಬೆರಳ ತುದಿಗೆ ಬಿಳಿ ಹತ್ತಿಕೊಂಡಿತು.

ಹಸಿ.

“ಯಾವಾಗ?” ಎಂದಳು.

“ನಿನ್ನೆ ಅಳತೆ ತಗೊಂಡೆ. ಅವನ ಹಳೇ ಕಾಲು ಗುಡ್ಡದಲ್ಲಿ ಮುರಿದುಹೋಗಿದೆ. ಊರುಗೋಲಿನ ಮೇಲೆ ಬಂದ, ಜೊತೆಗೆ ಆ ಕನ್ನಡಕದವ. ಶನಿವಾರ ಊರು ಬಿಡ್ತೀನಿ, ಅಷ್ಟರಲ್ಲಿ ನೆಟ್ಟಗೆ ನಡೆಯೋ ಹಾಗೆ ಮಾಡಿ ಅಂದ. ಆಗಲ್ಲ ಅಂದೆ. ‘ನಿಮ್ಮ ಅಕ್ಕನಿಗೆ ಇನ್ನೊಂದು ಕಾಲು ಇದೆ, ಅಲ್ವಾ ಮೇಷ್ಟ್ರೇ?’ ಅಂದ. ನಗ್ತಾ ಅಂದ.” ಮೇಷ್ಟ್ರು ಗೋಣಿಚೀಲವನ್ನು ಮಡಿಚಿ ಪಕ್ಕಕ್ಕಿಟ್ಟರು. “ಕೆಲಸದವರಿಗೆಲ್ಲ ರಜ ಕೊಟ್ಟು ರಾತ್ರಿಯೆಲ್ಲ ಕೂತು, ಓವನಿನಲ್ಲಿ ಪ್ಲಾಸ್ಟಿಕ್ ಕಾಯಿಸಿ ಬಟ್ಟಲು ಎಳೆದೆ. ಇವತ್ತು ಬೆಳಿಗ್ಗೆ ಮತ್ತೆ ಬಂದ, ಕಾಲು ಕಟ್ಟಿ ನೋಡೋಕೆ.”

“ಬೆಳಿಗ್ಗೆ ಅಂದ್ರೆ ಎಷ್ಟು ಹೊತ್ತಿಗೆ?”

“ನೀವು ಬಾಗಿಲು ತಟ್ಟಿದಾಗ ಇಲ್ಲೇ ಇದ್ದ, ಹೊಸ ಕಾಲಿನ ಅಂಟು ಆರೋದನ್ನ ಕಾಯ್ತಾ. ಹಿಂದಿನ ಓವನ್ ಕೋಣೆಯಲ್ಲಿ. ಸರ್ಕಾರದವ್ರು ಬಂದಿದ್ದಾರೆ, ಹಿಂಬಾಗಿಲಿಂದ ಹೋಗಿಬಿಡಿ ಅಂತ ಹೇಳಿ ಮುಂದೆ ಬಂದೆ. ಕನ್ನಡಕದವ ಕಾರು ತರೋಕೆ ಮೊದ್ಲೇ ಹೋಗಿದ್ದ.”

ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. “ಒಂದು ಗಂಟೆಯಿಂದ ಗೆದ್ದಲು, ಪೆನ್ಸಿಲು ಅಂತ ನನ್ನ ಜೊತೆ ಕಾಗೆ ಹಾರಿಸ್ತಾ ಕೂತಿದ್ರಿ! ಇಷ್ಟೊತ್ತಿಗೆ ಊರು ದಾಟಿರ್ತಾನೆ!”

“ದಾಟ್ಲಿ ಅಂತಾನೇ ಕೂತಿದ್ದೆ ಮೇಡಂ. ನನ್ನ ಅಕ್ಕ…”

“ದಾಟಿಲ್ಲ,” ಎಂದರು ಅಕ್ಕ.

ಇಬ್ಬರೂ ತಿರುಗಿ ನೋಡಿದರು. ಅಕ್ಕ ರಿಜಿಸ್ಟರನ್ನು ಮುಚ್ಚಿ, ಅದರ ಮೇಲೆ ಎರಡೂ ಅಂಗೈ ಊರಿ ಕೂತಿದ್ದರು.

“ಅವನು ಒಳಗೆ ಕಾಲಿಟ್ಟ ಕೂಡ್ಲೇ ನಾನು ಸುತ್ತಿ ಬಳಸಿ ಹಿಂದಿನ ಓಣಿಗೆ ಹೋದೆ. ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕ್ಕೊಂಡು ಬಂದೆ. ಪೊಲೀಸಿಗೆ ಫೋನ್ ಮಾಡೋಣ ಅಂದ್ಕೊಳ್ಳೋ ಹೊತ್ತಿಗೆ ನೀವೇ ಬಾಗಿಲು ತಟ್ಟಿದ್ರಿ. ಅವನಿಗೆ ಪತ್ರ ಕೊಟ್ಟ ಆಫೀಸಿನವ್ರು, ಯಾರ ಕಡೆಯವ್ರು ಅಂತ ನೋಡ್ಕೊಂಡು ಹೇಳೋಣ ಅಂತ ಕಾದೆ.”

“ಅಕ್ಕಾ! ನಿನಗೆ ತಲೆ ಕೆಟ್ಟಿದ್ಯಾ?” ಮೇಷ್ಟ್ರ ಮುಖ ಪ್ಲಾಸ್ಟರಿನಷ್ಟೇ ಬಿಳಿಚಿಕೊಂಡಿತು. “ಅವನ ಹತ್ರ ಪಿಸ್ತೂಲಿದೆ!”

“ಇರ್ಲಿ. ಓವನ್ ಕೋಣೆಗೆ ಕಿಟಕಿ ಇಲ್ಲ. ಹೊರಗೆ ಬರೋಕೆ ದಾರಿ ಇರೋದು ಈ ಕಡೆ ಒಂದೇ.”

ಈ ಕಡೆ ಎಂದರೆ ಅಚ್ಚುಗಳ ಅರೆಯಾಚೆಗಿನ ತೆಳು ಹಲಗೆಯ ಬಾಗಿಲು. ಮೇಜಿನಿಂದ ಹದಿನೈದು ಹೆಜ್ಜೆ. ಆ ಬಾಗಿಲಿಗೆ ಈಚೆಯಿಂದ ಚಿಲಕ ಇರಲಿಲ್ಲ. ಮೂವರೂ ಒಂದು ಗಂಟೆಯಿಂದ ಆಡಿದ ಒಂದೊಂದು ಮಾತೂ ಆ ಹಲಗೆಯನ್ನು ದಾಟಿ ಹೋಗಿತ್ತು. ಕಾಲು, ಅಚ್ಚು, ಹಡಗು, ಶುಕ್ರವಾರ, ಎಲ್ಲ.

ಇನ್ಸ್‌ಪೆಕ್ಟರ್ ಅಕ್ಕನ ತೋಳು ಹಿಡಿದು ಎಬ್ಬಿಸಿ, ತನ್ನ ಬೆನ್ನ ಹಿಂದಕ್ಕೆ, ಬೀದಿಬಾಗಿಲಿನ ಕಡೆಗೆ ಸರಿಸಿದಳು. ಇನ್ನೊಂದು ಕೈ ಫೋನಿನಲ್ಲಿ ತುರ್ತು ಸಂಖ್ಯೆ ಒತ್ತುತ್ತಿತ್ತು. ನಿರ್ಬಂಧ ವಿಭಾಗದವರಿಗೆ ಪಿಸ್ತೂಲು ಕೊಡುವುದಿಲ್ಲ. ರಬ್ಬರ್ ಮೊಹರು ಕೊಡುತ್ತಾರೆ. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಆ ವಿಷಯ ಅವಳನ್ನು ನಿಜವಾಗಿ ಕಾಡಿತು.

ಹಿಂದಿನ ಓಣಿಯಲ್ಲಿ ಕಾರೊಂದು ಎರಡು ಸಲ ಸಣ್ಣಗೆ ಹಾರ್ನ್ ಹಾಕಿತು. ಯಾರಿಗೋ ಕಾದು ಬೇಸತ್ತವರ ಹಾರ್ನ್.

ಅವಳು ಫೋನಿನಲ್ಲಿ ವಿಳಾಸ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಲಗೆಯಾಚೆಯಿಂದ ಗಂಡುದನಿಯೊಂದು ಕೇಳಿಸಿತು. ಅವಸರವಿಲ್ಲದ, ತುಂಬ ಮರ್ಯಾದೆಯ ದನಿ.

“ಮೇಷ್ಟ್ರೇ, ಈ ಕಾಲಿನ ಅಂಟು ಆರೋಕೆ ಇನ್ನೂ ಎಷ್ಟು ಹೊತ್ತು ಬೇಕು?”